ಉಸಿರನ್ನು ಅಳೆದ ಎ. ವಿ. ಹಿಲ್

ನಮ್ಮ ಶಾಲೆಯ ಕ್ರೀಡಾಕೂಟದಲ್ಲಿ 1500 ಮೀಟರ್ ಓಟಕ್ಕೆ ಹೆಸರು ಕೊಟ್ಟು, ಮೂರನೇ ಸುತ್ತಿಗೇ ಮೈದಾನದ ಅಂಚಿನ ಹುಣಸೆಮರದ ಕೆಳಗೆ ಬಿದ್ದುಕೊಂಡವನು ನಾನು. ಆಗ ಒಂಬತ್ತನೇ ತರಗತಿ. ಗಣಿತದಲ್ಲಿ ಅಂಕ ತೆಗೆಯುತ್ತಿದ್ದವನಾದ್ದರಿಂದ ಯಾರೂ ಹೆಚ್ಚು ಹಂಗಿಸಲಿಲ್ಲ. ಓದುವ ಹುಡುಗನಿಗೆ ದಮ್ಮು ಎಲ್ಲಿಂದ ಬರಬೇಕು ಎಂದು ನಕ್ಕು ಸುಮ್ಮನಾದರು. ದಮ್ಮು ಎಂದರೆ ಏನು, ಅದನ್ನು ಅಳೆಯಲು ಬರುತ್ತದೆಯೇ ಎಂಬ ಪ್ರಶ್ನೆ ಅಂದು ನನಗೆ ಹೊಳೆಯಲಿಲ್ಲ. ಹೊಳೆದದ್ದು ಇಪ್ಪತ್ತು ವರ್ಷ ಕಳೆದ ಮೇಲೆ, ಅಪ್ಪನನ್ನು ಕರೆದುಕೊಂಡು ಆಸ್ಪತ್ರೆಯಲ್ಲಿ ಕುಳಿತಿದ್ದಾಗ.

ಅಪ್ಪನಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿದ್ದೆವು. ಜೀವಕ್ಕೆ ಅಪಾಯವಿಲ್ಲ ಎಂದು ಕಳಿಸಿದರು. ಆದರೆ ಊರಿಗೆ ಬಂದ ಮೇಲೆ ನೋಡಲು ಬಂದವರೆಲ್ಲ ಒಂದೊಂದು ಕಟ್ಟುಪಾಡು ಹಾಕಿ ಹೋದರು. ಬಗ್ಗಬೇಡಿ, ಭಾರ ಎತ್ತಬೇಡಿ, ಹೊಲದ ಕಡೆ ಹೋಗಲೇಬೇಡಿ. ನಲವತ್ತು ವರ್ಷ ರಾಗಿ ಬೆಳೆದ ಮನುಷ್ಯ ಆರು ತಿಂಗಳು ಜಗಲಿಯ ಕಂಬಕ್ಕೆ ಒರಗಿ ಕುಳಿತರು. ಮಾತೂ ಕಡಿಮೆಯಾಯಿತು. ಮರುತಪಾಸಣೆಗೆ ಹೋದಾಗ ವೈದ್ಯರು ಎದೆಗೆ ತಂತಿಗಳನ್ನು ಅಂಟಿಸಿ ಅವರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿದರು. ಇದಕ್ಕೇ ಟಿ.ಎಂ.ಟಿ. ಎನ್ನುವುದು. ಪಂಚೆ ಬಿಟ್ಟು ಪ್ಯಾಂಟು ಹಾಕಿಸಿದ್ದೇ ಒಂದು ಸಾಹಸ. ಆರು ನಿಮಿಷ ದಾಟಿ ನಡೆದರು. ಚೀಟಿಯ ಮೇಲೆ 7 ಮೆಟ್ ಎಂದು ಬರೆದುಕೊಟ್ಟ ವೈದ್ಯರು, ಹೊಲಕ್ಕೆ ನಡೆದು ಹೋಗಿ ಬರಬಹುದು, ಹಸುವಿಗೆ ಹುಲ್ಲು ತರಬಹುದು, ಮೂಟೆ ಮಾತ್ರ ಸದ್ಯಕ್ಕೆ ಬೇಡ ಎಂದು ಬಿಡಿಸಿ ಹೇಳಿದರು. ಆ ಏಳು ಎಂಬ ಅಂಕಿಯ ಮೂಲ ಹುಡುಕುತ್ತಾ ಹೋದಾಗ ನನಗೆ ಸಿಕ್ಕ ಹೆಸರು ಆರ್ಚಿಬಾಲ್ಡ್ ವಿವಿಯನ್ ಹಿಲ್.

ಹಿಲ್ ಹುಟ್ಟಿದ್ದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, 1886ರ ಸೆಪ್ಟೆಂಬರ್ 26ರಂದು. ಮೂರು ವರ್ಷದ ಮಗುವಾಗಿದ್ದಾಗ ತಂದೆ ಸಂಸಾರ ಬಿಟ್ಟು ಹೊರಟುಹೋದರು. ಮಗ ಮತ್ತು ಮಗಳನ್ನು ಸಾಕಿ, ಮೊದಲ ಅಕ್ಷರ ಕಲಿಸಿದ್ದು ತಾಯಿ. ಮುಂದಿನ ಓದು ವಿದ್ಯಾರ್ಥಿವೇತನದಿಂದ. ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಗಣಿತ ಓದಿ, 1907ರ ಪರೀಕ್ಷೆಯಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಮೂರನೆಯವರಾಗಿ ಬಂದರು. ಅಷ್ಟು ಓದಿದ ಮೇಲೆ ಅವರಿಗೆ ಗಣಿತ ಸಾಕೆನಿಸಿತು. ಗುರುವೊಬ್ಬರ ಸಲಹೆಯಂತೆ ಶರೀರಕ್ರಿಯಾ ವಿಜ್ಞಾನಕ್ಕೆ, ಅಂದರೆ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬ ವಿದ್ಯೆಗೆ ಹೊರಳಿದರು. ಇಂಜಿನಿಯರಿಂಗ್ ಓದಿ ನಾಲ್ಕು ವರ್ಷ ಕಳೆದ ಮೇಲೆ ದಾರಿ ಬದಲಿಸಲು ಹೆದರಿದ ನಮ್ಮಂಥವರಿಗೆ ಇದು ಸಣ್ಣ ಸಂಗತಿಯಲ್ಲ.

ಅವರು ಮೊದಲು ಹಿಡಿದ ಕೆಲಸ ಕಪ್ಪೆಯ ಸ್ನಾಯುವಿನದು. ಸ್ನಾಯು ಒಮ್ಮೆ ಸೆಟೆದರೆ ಹುಟ್ಟುವ ಬಿಸಿ ಒಂದು ಡಿಗ್ರಿಯ ಸಾವಿರದ ಕೆಲವೇ ಭಾಗದಷ್ಟು. ಅದನ್ನು ಅಳೆಯುವ ಉಪಕರಣಗಳನ್ನು ತಿದ್ದಿ ತೀಡಿ ಸೂಕ್ಷ್ಮವಾಗಿಸಿದರು. ಸ್ನಾಯು ಕೆಲಸ ಮಾಡುವಾಗ ಒಂದಿಷ್ಟು ಬಿಸಿ, ಕೆಲಸ ಮುಗಿದು ಸುಧಾರಿಸಿಕೊಳ್ಳುವಾಗ ಇನ್ನೊಂದಿಷ್ಟು ಬಿಸಿ ಹೊರಬರುತ್ತದೆ. ಮೊದಲನೆಯದಕ್ಕೆ ಆಮ್ಲಜನಕ ಬೇಕಿಲ್ಲ, ಎರಡನೆಯದಕ್ಕೆ ಬೇಕು ಎಂದು ಕಂಡುಕೊಂಡರು. ಇದಕ್ಕಾಗಿ 1922ರ ನೊಬೆಲ್ ಪ್ರಶಸ್ತಿಯನ್ನು ಜರ್ಮನಿಯ ಒಟ್ಟೊ ಮೇಯರ್‌ಹಾಫ್ ಜೊತೆ ಹಂಚಿಕೊಂಡರು. ಆ ಎರಡು ದೇಶಗಳ ಯುದ್ಧ ಮುಗಿದು ಆಗಿನ್ನೂ ನಾಲ್ಕು ವರ್ಷ. ಆ ಯುದ್ಧದಲ್ಲಿ ಸ್ವತಃ ಹಿಲ್ ವಿಮಾನಗಳಿಗೆ ಗುರಿಯಿಡುವ ಫಿರಂಗಿಗಳ ಲೆಕ್ಕಾಚಾರ ಮಾಡುವ ತಂಡ ನಡೆಸಿದ್ದರು.

ಈ ಲೇಖನಕ್ಕೆ ಮುಖ್ಯವಾದದ್ದು ಕಪ್ಪೆಯಲ್ಲ, ಮನುಷ್ಯ. 1920ರಲ್ಲಿ ಮ್ಯಾಂಚೆಸ್ಟರ್‌ಗೆ ಪ್ರಾಧ್ಯಾಪಕರಾಗಿ ಹೋದ ಹಿಲ್‌ರಿಗೆ ಓಡುವುದೆಂದರೆ ಚಿಕ್ಕಂದಿನಿಂದಲೂ ಇಷ್ಟ. ಒಂಟಿ ಸ್ನಾಯುವಿನಲ್ಲಿ ಕಂಡದ್ದು ಓಡುವ ಮನುಷ್ಯನಲ್ಲೂ ಕಾಣುತ್ತದೆಯೇ ನೋಡಬೇಕೆನಿಸಿತು. ಹಾರ್ಟ್ಲಿ ಲಪ್ಟನ್ ಎಂಬ ಸಹೋದ್ಯೋಗಿಯ ಜೊತೆ ಸೇರಿ ಪ್ರಯೋಗಕ್ಕೆ ಇಳಿದರು. ಪ್ರಯೋಗದ ಪ್ರಾಣಿ ಸ್ವತಃ ಹಿಲ್ ಅವರೇ. ಆಗ ಅವರಿಗೆ ಮೂವತ್ತೈದರ ಆಸುಪಾಸು, ಈಗ ನನಗಿರುವಷ್ಟೇ ವಯಸ್ಸು.

ಬೆನ್ನ ಮೇಲೆ ಗಾಳಿ ಸೋರದ ದೊಡ್ಡ ಚೀಲ. ಅದನ್ನು 1911ರಲ್ಲಿ ರೂಪಿಸಿದ ವಿಜ್ಞಾನಿಯ ಹೆಸರಿನಲ್ಲಿ ಡಗ್ಲಸ್ ಚೀಲ ಎನ್ನುತ್ತಾರೆ. ಮೂಗಿಗೆ ಕ್ಲಿಪ್ಪು, ಬಾಯಿಗೆ ಕೊಳವೆ. ಕವಾಟದ ಮೂಲಕ ಹೊರಗಿನ ಗಾಳಿ ಒಳಬರುತ್ತದೆ, ಬಿಟ್ಟ ಉಸಿರು ಮಾತ್ರ ಚೀಲ ಸೇರುತ್ತದೆ. ಹೀಗೆ ಹೊತ್ತುಕೊಂಡು ಹುಲ್ಲಿನ ಮೈದಾನದಲ್ಲಿ ನಿಗದಿತ ವೇಗದಲ್ಲಿ ಸುತ್ತು ಹಾಕಬೇಕು. ನಾವು ಎಳೆಯುವ ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟು, ಬಿಡುವ ಗಾಳಿಯಲ್ಲಿ ಶೇ. 16–17ರಷ್ಟು. ಚೀಲದಲ್ಲಿ ಎಷ್ಟು ಗಾಳಿ ಕೂಡಿತು, ಅದರಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ನೋಡಿದರೆ ದೇಹ ಎಷ್ಟು ಬಳಸಿತು ಎಂಬುದು ಕಳೆಯುವ ಲೆಕ್ಕ. ನಮ್ಮ ಏಳನೇ ತರಗತಿಯ ಗಣಿತ ಸಾಕು.

ಸುಮ್ಮನೆ ನಿಂತವನು ನಿಮಿಷಕ್ಕೆ ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು ಆಮ್ಲಜನಕ ಬಳಸುತ್ತಾನೆ. ಓಟದ ವೇಗ ಹೆಚ್ಚಿದಂತೆ ಅದೂ ಏರುತ್ತದೆ. ಆದರೆ ಗಂಟೆಗೆ ಸುಮಾರು 16 ಕಿ.ಮೀ. ವೇಗ ಮುಟ್ಟಿದ ಮೇಲೆ ಹಿಲ್ ಎಷ್ಟೇ ಜೋರಾಗಿ ಓಡಿದರೂ ಅಂಕಿ ನಿಮಿಷಕ್ಕೆ ನಾಲ್ಕು ಲೀಟರಿನ ಆಸುಪಾಸಿನಲ್ಲೇ ನಿಂತುಬಿಟ್ಟಿತು. ಕಾಲು ಇನ್ನೂ ಓಡುತ್ತಿದೆ, ಆಮ್ಲಜನಕದ ಬಳಕೆ ಮಾತ್ರ ಏರುತ್ತಿಲ್ಲ. ಹೃದಯ ರಕ್ತ ತಳ್ಳುವುದಕ್ಕೆ, ಆ ರಕ್ತ ಆಮ್ಲಜನಕ ಹೊರುವುದಕ್ಕೆ ಒಂದು ಮೇಲ್ಮಿತಿ ಇದೆ. ಮನಸ್ಸು ಎಷ್ಟು ಗಟ್ಟಿ ಮಾಡಿದರೂ ಅದನ್ನು ದಾಟಲಾಗದು ಎಂಬ ತೀರ್ಮಾನಕ್ಕೆ 1923ರಲ್ಲಿ ಅವರಿಬ್ಬರು ಬಂದರು. ಇಂದು ಕ್ರೀಡಾ ತರಬೇತಿಯವರು ವಿಓ2 ಮ್ಯಾಕ್ಸ್ ಎನ್ನುವುದು ಇದನ್ನೇ.

ಹಾಗಾದರೆ ಮಿತಿ ಮೀರಿದ ಓಟಕ್ಕೆ ಬೇಕಾದ ಶಕ್ತಿ ಎಲ್ಲಿಂದ ಬಂತು? ಹಿಲ್ ಅದನ್ನು ಆಮ್ಲಜನಕದ ಸಾಲ ಎಂದು ಕರೆದರು. ಹಳ್ಳಿಯವರಾದ ನಮಗೆ ಇದನ್ನು ವಿವರಿಸಬೇಕಿಲ್ಲ. ಓಡುವಾಗ ಕೈಗಡ ತೆಗೆದುಕೊಂಡದ್ದನ್ನು ನಿಂತ ಮೇಲೆ ಏದುಸಿರು ಬಿಡುತ್ತಾ ತೀರಿಸುವುದು. ಹುಣಸೆಮರದ ಕೆಳಗೆ ಹತ್ತು ನಿಮಿಷ ನಾನು ಮಾಡುತ್ತಿದ್ದದ್ದು ಅದನ್ನೇ ಎಂದು ಗೊತ್ತಿದ್ದರೆ ಅಷ್ಟು ನಾಚಿಕೆಪಡುತ್ತಿರಲಿಲ್ಲ.

1923ರಲ್ಲೇ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಬಂದರು. ವಿಶ್ವದಾಖಲೆಗಳ ಪಟ್ಟಿ ಹಿಡಿದು, ದೂರ ಹೆಚ್ಚಿದಂತೆ ವೇಗ ಏಕೆ ಹೀಗೇ ಇಳಿಯುತ್ತದೆ ಎಂದು ಗ್ರಾಫ್ ಬರೆದರು. ಅಮೆರಿಕದ ಕಾರ್ನೆಲ್‌ಗೆ ಉಪನ್ಯಾಸಕ್ಕೆ ಹೋದಾಗ ಓಟಗಾರರ ಮೈಗೆ ಆಯಸ್ಕಾಂತ ಕಟ್ಟಿ, ದಾರಿಯುದ್ದಕ್ಕೂ ತಂತಿಯ ಸುರುಳಿಗಳನ್ನಿಟ್ಟು, ಅವನ್ನು ದಾಟುವಾಗ ಹುಟ್ಟುವ ವಿದ್ಯುತ್ತಿನಿಂದ ವೇಗ ಲೆಕ್ಕಹಾಕಿದರು. ಸೆನ್ಸರ್ ಎಂಬ ಮಾತು ದಿನಕ್ಕೆ ಹತ್ತು ಸಲ ಆಡುವ ನನಗೆ ಇದನ್ನು ಓದಿ ಬಹಳ ಖುಷಿಯಾಯಿತು.

ಆದರೆ ಹಿಲ್ ನನಗೆ ದೊಡ್ಡವರಾಗಿ ಕಂಡದ್ದು ಅವರು ತಪ್ಪಿದ ಜಾಗದಲ್ಲಿ. ಸ್ನಾಯು ಸೆಟೆಯಲು ಲ್ಯಾಕ್ಟಿಕ್ ಆಮ್ಲವೇ ಕಾರಣ ಎಂದು ಅವರೂ ಮೇಯರ್‌ಹಾಫ್ ಅವರೂ ನಂಬಿದ್ದರು. 1930ರಲ್ಲಿ ಡೆನ್ಮಾರ್ಕಿನ ಐನಾರ್ ಲುಂಡ್ಸ್‌ಗಾರ್ಡ್, ಆ ಆಮ್ಲ ಉತ್ಪತ್ತಿಯಾಗದಂತೆ ತಡೆದರೂ ಸ್ನಾಯು ಕೆಲಸ ಮಾಡುತ್ತದೆ ಎಂದು ತೋರಿಸಿದರು. ನೊಬೆಲ್ ಬಂದ ಕೆಲಸದ ಒಂದು ಕಂಬವೇ ಕುಸಿಯಿತು. ಹಿಲ್ ವಾದಕ್ಕೆ ನಿಲ್ಲಲಿಲ್ಲ. ಎರಡು ವರ್ಷದಲ್ಲಿ ತಾವೇ ಪ್ರಬಂಧ ಬರೆದು, ಸ್ನಾಯುವಿಜ್ಞಾನದಲ್ಲಿ ಕ್ರಾಂತಿಯಾಗಿದೆ ಎಂದು ಶೀರ್ಷಿಕೆಯಲ್ಲೇ ಒಪ್ಪಿಕೊಂಡರು. ಅಳತೆಗಳು ಉಳಿದವು, ಅವುಗಳಿಗೆ ಕೊಟ್ಟ ವಿವರಣೆ ಬಿದ್ದುಹೋಯಿತು. ನಾನು ಬರೆದ ಕೋಡಿನಲ್ಲಿ ಯಾರಾದರೂ ತಪ್ಪು ತೋರಿಸಿದರೆ ಆ ದಿನವೆಲ್ಲ ಮುಖ ಗಂಟಿಕ್ಕಿಕೊಂಡಿರುತ್ತೇನೆ.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದು ಯಹೂದಿ ವಿದ್ವಾಂಸರನ್ನು ಕೆಲಸದಿಂದ ತೆಗೆದಾಗ, ಅವರಿಗೆ ಇಂಗ್ಲೆಂಡಿನಲ್ಲಿ ನೆಲೆ ಒದಗಿಸುವ ಸಂಸ್ಥೆ ಕಟ್ಟಿದವರಲ್ಲಿ ಹಿಲ್ ಒಬ್ಬರು. 1935ರಲ್ಲಿ ಲೈಪ್‌ಜಿಗ್‌ನಿಂದ ಬಂದ ಬರ್ನಾರ್ಡ್ ಕಾಟ್ಜ್ ಎಂಬ ಯುವಕನನ್ನು ತಮ್ಮ ಪ್ರಯೋಗಾಲಯಕ್ಕೆ ಸೇರಿಸಿಕೊಂಡರು. ಆತ 1970ರಲ್ಲಿ ನೊಬೆಲ್ ಪಡೆದರು. ಹಿಲ್ ಜೊತೆ ಪ್ರಶಸ್ತಿ ಹಂಚಿಕೊಂಡಿದ್ದ ಮೇಯರ್‌ಹಾಫ್ ಕೂಡ 1938ರಲ್ಲಿ ಜರ್ಮನಿ ಬಿಡಬೇಕಾಯಿತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ ಪಾರ್ಲಿಮೆಂಟಿನಲ್ಲಿದ್ದ ಹಿಲ್, 1943ರ ಕೊನೆಯಲ್ಲಿ ಸರ್ಕಾರದ ಕರೆಯ ಮೇಲೆ ಭಾರತಕ್ಕೆ ಬಂದು ಕೆಲವು ತಿಂಗಳು ಸುತ್ತಾಡಿದರು. ಬಂಗಾಳದ ಬರಗಾಲದ ವರ್ಷ ಅದು. ಇಲ್ಲಿನ ವೈಜ್ಞಾನಿಕ ಸಂಶೋಧನೆ ಹೇಗಿರಬೇಕೆಂದು ಅವರು ಕೊಟ್ಟ ವರದಿಯಲ್ಲಿ ವೈದ್ಯಕೀಯ ಶಿಕ್ಷಣ, ಸಂಶೋಧನೆ ಎರಡೂ ಒಂದೇ ಕಡೆ ನಡೆಯುವ ಅಖಿಲ ಭಾರತ ಕೇಂದ್ರವೊಂದು ಬೇಕೆಂಬ ಸಲಹೆಯೂ ಇತ್ತು. ದೆಹಲಿಯ ಏಮ್ಸ್ 1956ರಲ್ಲಿ ಸ್ಥಾಪನೆಯಾಯಿತು. ಹಿಲ್ ತೀರಿಕೊಂಡದ್ದು 1977ರ ಜೂನ್ 3ರಂದು, ಕೇಂಬ್ರಿಡ್ಜ್‌ನಲ್ಲಿ, ತೊಂಬತ್ತು ದಾಟಿದ ಮೇಲೆ.

ಇನ್ನು ಅಪ್ಪನ ಏಳರ ವಿಷಯ. ಹಿಲ್ ಅಳೆದದ್ದು ಗಟ್ಟಿ ಆಳುಗಳನ್ನು. ರೋಗಿಯನ್ನು ಮೈದಾನದಲ್ಲಿ ಓಡಿಸಲಾದೀತೇ? ಅಮೆರಿಕದ ಸಿಯಾಟಲ್‌ನ ರಾಬರ್ಟ್ ಬ್ರೂಸ್ ಎಂಬ ಹೃದ್ರೋಗ ತಜ್ಞರು ಟ್ರೆಡ್‌ಮಿಲ್ ಮೇಲೆ ಹಂತಹಂತವಾಗಿ ನಡೆಸುವ ಕ್ರಮ ರೂಪಿಸಿದರು. ಗಂಟೆಗೆ 2.7 ಕಿ.ಮೀ. ನಿಧಾನದಿಂದ ಆರಂಭ, ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಹೆಚ್ಚು. ಜೊತೆಗೆ ಇಸಿಜಿ, ರಕ್ತದೊತ್ತಡದ ಮೇಲೆ ಕಣ್ಣು. ಸುಮ್ಮನೆ ಕುಳಿತಾಗ ದೇಹದ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 3.5 ಮಿ.ಲೀ. ಆಮ್ಲಜನಕ ಬಳಕೆಯಾಗುತ್ತದೆ ಎಂದಿಟ್ಟುಕೊಂಡು ಅದನ್ನು ಒಂದು ಮೆಟ್ ಎನ್ನುತ್ತಾರೆ. ಏಳು ಎಂದರೆ ಅದರ ಏಳರಷ್ಟು ಕೆಲಸ. ಸಾಮಾನ್ಯ ಟಿ.ಎಂ.ಟಿ.ಯಲ್ಲಿ ನಡೆದ ಹಂತದಿಂದ ಇದನ್ನು ಅಂದಾಜು ಮಾಡುತ್ತಾರೆ. ಮುಖಕ್ಕೆ ಮಾಸ್ಕ್ ಹಾಕಿ ಹಿಲ್‌ರಂತೆಯೇ ಉಸಿರನ್ನು ಅಳೆಯುವ ಪರೀಕ್ಷೆ ಬೇರೆ ಇದೆ. ಸೋತ ಹೃದಯದ ರೋಗಿಗಳಲ್ಲಿ ಯಾರಿಗೆ ಹೃದಯ ಕಸಿ ಬೇಕು ಎಂದು ತೀರ್ಮಾನಿಸುವಾಗ ಅದರ ಅಂಕಿಯನ್ನೂ ನೋಡುತ್ತಾರೆ. ಇವನ್ನೆಲ್ಲ ವೈದ್ಯರ ಕಣ್ಣೆದುರೇ ಮಾಡಿಸಬೇಕು. ಜಿಮ್ಮಿನ ಯಂತ್ರದ ಮೇಲೆ ತಾವೇ ಹತ್ತಿ ನೋಡುವ ವಿಷಯವಲ್ಲ ಎಂದು ಊರಿನ ಹಿರಿಯರಲ್ಲಿ ವಿನಂತಿ.

ಹುಡುಕಾಟದಲ್ಲಿ ಸಿಕ್ಕ ಇನ್ನೊಂದು ಸಂಗತಿ ಹೇಳದೆ ಬಿಡಲಾರೆ. ಹಿಲ್‌ರ ಮಗಳು ಪಾಲಿ ಹಿಲ್ ಹಳ್ಳಿಗಳ ಆರ್ಥಿಕತೆಯನ್ನು ಅಧ್ಯಯನ ಮಾಡಿದವರು. 1970ರ ದಶಕದ ಕೊನೆಯಲ್ಲಿ ಅವರು ನಮ್ಮದೇ ಕರ್ನಾಟಕದ ಆನೇಕಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಅಧ್ಯಯನ ನಡೆಸಿ, ಮಳೆಯಾಶ್ರಿತ ಬೇಸಾಯದ ಕುಟುಂಬಗಳನ್ನು ನೈಜೀರಿಯಾದ ರೈತರೊಡನೆ ಹೋಲಿಸಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ಇದನ್ನು ಅಪ್ಪನಿಗೆ ಹೇಳಿದೆ. ಉಸಿರು ಅಳೆದ ವಿಷಯಕ್ಕೆ ಹೂಂ ಎಂದಷ್ಟೇ ಅಂದಿದ್ದ ಅವರು, ಆ ಹೆಣ್ಣುಮಗಳು ರಾಗಿ ಬೆಲೆ ಆಗ ಎಷ್ಟಿತ್ತೆಂದು ಬರೆದಿದ್ದಾರೆಯೇ ಎಂದು ಕೇಳಿದರು. ನೋಡಿ ಹೇಳುತ್ತೇನೆ ಎಂದೆ. ಅಷ್ಟರಲ್ಲಿ ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೊರಟಾಗಿತ್ತು.