ಪ್ರಳಯದ ಫೈಲು ಮತ್ತು ಹಾಫ್‌ಕಿನ್

ಪ್ರಳಯ ಬಂದಾಗ ಕಲ್ಕಿ ಕುದುರೆ ಏರಿ ಬರ್ತಾನೆ ಅಂತ ಕೇಳಿ ಬೆಳೆದವರು ನಾವು. ಆದರೆ 1898ರಲ್ಲಿ ನಮ್ಮ ಹುಬ್ಬಳ್ಳಿಗೆ ಬಂದ ಪ್ರಳಯದ ಎದುರು ನಿಂತದ್ದು ಖಡ್ಗ ಅಲ್ರಿ. ಸೂಜಿ, ಬಾಟಲಿ ಮತ್ತು ಒಂದು ರಿಜಿಸ್ಟರು. ಬಂದದ್ದು ಪ್ಲೇಗು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದ ಕಾಲ. ದೇವಿಯ ಸಿಟ್ಟು ಅಂದವರು ಬಹಳ. ಪ್ಲೇಗಮ್ಮನ ಗುಡಿಗಳು ನಮ್ಮ ನಾಡಿನಲ್ಲಿ ಇವತ್ತಿಗೂ ಇವೆ. ಮೇಲೆ ಚಿತ್ರಗುಪ್ತನ ಆಫೀಸಿನಲ್ಲಿ ಓವರ್‌ಟೈಮ್, ಕೆಳಗೆ ಮುಂಬೈ ಸರ್ಕಾರದ ಆಫೀಸಿನಲ್ಲೂ ಓವರ್‌ಟೈಮ್. ಈ ಎರಡು ಆಫೀಸುಗಳ ನಡುವೆ ಸಿಕ್ಕಿಬಿದ್ದವರು ವಾಲ್ಡೆಮರ್ ಹಾಫ್‌ಕಿನ್.

ಹುಟ್ಟಿದ್ದು 1860ರಲ್ಲಿ, ಒಡೆಸ್ಸಾದ ಯಹೂದಿ ಮನೆತನದಲ್ಲಿ. ಓದಿದ್ದು ಪ್ರಾಣಿಶಾಸ್ತ್ರ, ಮೆಚ್ನಿಕಾಫ್ ಅವರ ಕೈಕೆಳಗೆ. ಮುಂದೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಹೋದಾಗ ಸಿಕ್ಕ ಕೆಲಸ ಲೈಬ್ರರಿಯಲ್ಲಿ! ಪುಸ್ತಕ ಜೋಡಿಸುತ್ತಲೇ ಕಾಲರಾಕ್ಕೆ ಲಸಿಕೆ ತಯಾರಿಸಿ, 1892ರಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಅದನ್ನು ಹಿಡಿದು ಭಾರತಕ್ಕೆ ಬಂದರು.

1896ರಲ್ಲಿ ಮುಂಬೈಗೆ ಪ್ಲೇಗ್ ಹೊಕ್ಕಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಹಾಫ್‌ಕಿನ್‌ಗೆ ಸಿಕ್ಕದ್ದು ಒಂದು ಕೋಣೆ, ಒಂದು ವರಾಂಡ, ಒಬ್ಬ ಗುಮಾಸ್ತ, ಮೂವರು ಜವಾನರು. ನಮ್ಮ ಪ್ರಾಜೆಕ್ಟ್ ಟೀಮೇ ಇದಕ್ಕಿಂತ ದೊಡ್ಡದು. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟರೆ ಪ್ಲೇಗಿನ ರೋಗಾಣು ಅದನ್ನು ಹಿಡಿದು ಕೆಳಮುಖವಾಗಿ ಜೋತು ಬೆಳೆಯುತ್ತಿತ್ತು. ಅಲುಗಿಸಿದರೆ ತಳಕ್ಕೆ ಇಳಿಯುತ್ತಿತ್ತು, ಮತ್ತೆ ಹೊಸದು ಬೆಳೆಯುತ್ತಿತ್ತು. ಸಾಕಷ್ಟು ಆದ ಮೇಲೆ ಬಿಸಿ ಮಾಡಿ ಕೊಂದರೆ ಅದೇ ಲಸಿಕೆ. 1897ರ ಜನವರಿ 10ರಂದು ಮತ್ತೆ ಮೊದಲ ಚುಚ್ಚು ತಮಗೇ. ಆಮೇಲೆ ಬೈಕುಲಾ ಜೈಲಿನಲ್ಲಿ ಒಪ್ಪಿದ ಕೈದಿಗಳಿಗೆ ಲಸಿಕೆ ಹಾಕಿ, ಹಾಕಿಸಿಕೊಳ್ಳದವರ ಜೊತೆ ಲೆಕ್ಕ ತಾಳೆ ನೋಡಿದರು.

ಅದೇ ಲೆಕ್ಕ ದೊಡ್ಡದಾಗಿ ನಡೆದದ್ದು ನಮ್ಮ ಹುಬ್ಬಳ್ಳಿಯಲ್ಲಿ. ವೈದ್ಯಾಧಿಕಾರಿ ಲ್ಯೂಮನ್ ಅವರ ಉಸ್ತುವಾರಿಯಲ್ಲಿ ಹತ್ತಾರು ಸಾವಿರ ಜನ ಸೂಜಿಗೆ ತೋಳು ಕೊಟ್ಟರು. ಹಾಕಿಸಿಕೊಂಡವರೆಷ್ಟು, ಸತ್ತವರೆಷ್ಟು, ಹಾಕಿಸಿಕೊಳ್ಳದವರಲ್ಲಿ ಎಷ್ಟು ಅಂತ ಪಟ್ಟಿ ಆಯಿತು. ಸಾವು ಲಸಿಕೆ ಪಡೆದವರಲ್ಲಿ ಬಹಳ ಕಡಿಮೆ ಅಂತ ಆ ಅಂಕಿಗಳು ತೋರಿಸಿದವು. ನಮ್ಮೂರಿನ ಅಜ್ಜ ಅಜ್ಜಿಯರ ತೋಳು ಲಸಿಕೆಯ ಚರಿತ್ರೆಯಲ್ಲಿ ಸಾಕ್ಷಿ ಆಯಿತು ನೋಡ್ರಿ.

ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಇಂಡಸ್ಟ್ರಿಯಲ್ ವಿಸಿಟ್ ಹೋದರೆ ಡಬ್ಬಿ ಡಬ್ಬಿಗೂ ಬ್ಯಾಚ್ ನಂಬರ್ ಕಾಣುತ್ತದೆ. ಎಷ್ಟು ಬೋರಿಂಗ್ ಅಂತ ನಗ್ತೀವಿ. ಹಾಫ್‌ಕಿನ್ ಬಾಳು ನಿಂತದ್ದೇ ಅಂಥ ಒಂದು ನಂಬರಿನ ಮೇಲೆ.

1902ರ ಅಕ್ಟೋಬರ್ 30. ಪಂಜಾಬಿನ ಮಲ್ಕೋವಾಲ್ ಹಳ್ಳಿಯಲ್ಲಿ 107 ಮಂದಿಗೆ ಲಸಿಕೆ ಹಾಕಿದರು. 53ಎನ್ ಅನ್ನುವ ಒಂದೇ ಬಾಟಲಿಯಿಂದ ಪಡೆದ 19 ಜನ ಧನುರ್ವಾಯುವಿಗೆ ಬಲಿಯಾದರು. ತನಿಖೆ ಆಯಿತು; ತಪ್ಪು ಮುಂಬೈನ ಲ್ಯಾಬಿನದ್ದೇ ಅಂತ ವರದಿ ಬಂತು. ಹಾಫ್‌ಕಿನ್ ಹುದ್ದೆ ಹೋಯಿತು. ಆದರೆ ಅದೇ ವಿಚಾರಣೆಯ ಕಾಗದಗಳಲ್ಲಿ ಇನ್ನೊಂದು ಸಂಗತಿ ಇತ್ತು: ಬಾಟಲಿಯ ಬಿರಡೆ ತೆಗೆಯುವ ಇಕ್ಕಳ ಹಳ್ಳಿಯಲ್ಲಿ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡಿರಲಿಲ್ಲ. ಸಾಕ್ಷಿ ಫೈಲಿನಲ್ಲೇ ಕೂತಿತ್ತು. ಫೈಲು ಅಲ್ಲೇ ಮಲಗಿತ್ತು.

ಮಲೇರಿಯಾದ ರೊನಾಲ್ಡ್ ರಾಸ್ ಮೊದಲಾದವರು 1907ರಲ್ಲಿ ಬಹಿರಂಗವಾಗಿ ದನಿ ಎತ್ತಿದ ಮೇಲೆ ಹಾಫ್‌ಕಿನ್ ಮೇಲಿನ ಕಳಂಕ ಅಳಿಯಿತು. ಕಲ್ಕತ್ತೆಯಲ್ಲಿ ಮತ್ತೆ ಕೆಲಸ ಸಿಕ್ಕಿತು, ಆದರೆ ಮೊದಲಿನ ಅಧಿಕಾರ ಸಿಗಲಿಲ್ಲ. ನಿವೃತ್ತರಾಗಿ ಯುರೋಪಿಗೆ ಮರಳಿ, 1930ರಲ್ಲಿ ಲೊಸಾನ್‌ನಲ್ಲಿ ತೀರಿಕೊಂಡರು. ಮುಂಬೈ ಪರೇಲಿನ ಅವರ ಲ್ಯಾಬಿಗೆ 1925ರಲ್ಲೇ ಅವರ ಹೆಸರು ಇಟ್ಟಿದ್ದರು.

ಲಕ್ಷಾಂತರ ಜನರ ಜೀವ ಉಳಿಸಿದ್ದೂ ರಿಜಿಸ್ಟರೇ, ಒಬ್ಬನ ಬಾಳು ಕೆಡಿಸಿದ್ದೂ ಫೈಲೇ. ವ್ಯತ್ಯಾಸ ಒಂದೇ: ಒಂದನ್ನು ಕೊನೆವರೆಗೂ ಓದಿದರು, ಇನ್ನೊಂದನ್ನು ಓದಲಿಲ್ಲ. ನಾಳೆ ಯಾವುದೋ ಪ್ಲಾಂಟಿನಲ್ಲಿ ಫೇಲ್ಯೂರ್ ರಿಪೋರ್ಟಿಗೆ ಸಹಿ ಹಾಕುವವರು ನಾವೇ. ಅಲ್ಲಿ ಇಲ್ಲದವನ ಹೆಸರು ಬರೆಯೋ ಮೊದಲು, ಇಕ್ಕಳ ಎಲ್ಲಿ ಬಿತ್ತು ಅಂತ ಒಮ್ಮೆ ಕೇಳೋಣ.