ಸಾವಿತ್ರಿಬಾಯಿ ಫುಲೆ: ಪ್ಲೇಗಿನ ದಿನಗಳ ಶುಶ್ರೂಷಕಿ

ಸಾವಿತ್ರಿಬಾಯಿ ಫುಲೆಯವರನ್ನು ನಮ್ಮ ವಿದ್ಯಾರ್ಥಿಗಳು ಬಲ್ಲುದು 1848ರಲ್ಲಿ ಪುಣೆಯಲ್ಲಿ ಆರಂಭವಾದ ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿಯೆಂದು. ಈ ಕೀರ್ತಿಯ ಮರೆಯಲ್ಲಿ ಅವರೊಳಗಿನ ಶುಶ್ರೂಷಕಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಸಾತಾರಾ ಜಿಲ್ಲೆಯ ನಾಯಗಾಂವದಲ್ಲಿ 1831ರ ಜನವರಿ 3ರಂದು ಜನಿಸಿದ ಅವರು ಬಾಲ್ಯದಲ್ಲಿಯೇ ಜ್ಯೋತಿಬಾ ಫುಲೆಯವರ ಪತ್ನಿಯಾಗಿ, ವಿವಾಹಾನಂತರ ಅಕ್ಷರ ಕಲಿತರು. 1854ರಲ್ಲಿ ಅವರ ಕವಿತಾಸಂಗ್ರಹ ‘ಕಾವ್ಯಫುಲೆ’ ಪ್ರಕಟವಾಯಿತು. ಗರ್ಭಿಣಿಯರಾಗಿ ಪರಿತ್ಯಕ್ತರಾದ ವಿಧವೆಯರಿಗೆ ದಂಪತಿಗಳು ಹೆರಿಗೆಯ ಆಶ್ರಯ ನೀಡಿದರು. ಅಂತಹ ಒಬ್ಬ ತಾಯಿಯ ಮಗು ಯಶವಂತನನ್ನೇ ದತ್ತು ಪಡೆದರು. ಅವನು ಮುಂದೆ ವೈದ್ಯನಾದನು.

1888ರಲ್ಲಿ ಪಾರ್ಶ್ವವಾಯು ಬಡಿದು ಜ್ಯೋತಿಬಾರ ಬಲಗೈ ಸೋತಿತು. ಎಡಗೈಯಲ್ಲಿ ಬರೆದು ಅವರು ಕೊನೆಯ ಗ್ರಂಥವನ್ನು ಪೂರೈಸಿದರು. 1890ರ ನವೆಂಬರ್ 28ರಂದು ಅವರು ತೀರಿಕೊಂಡಾಗ ಬಂಧುಗಳು ದತ್ತುಪುತ್ರನ ಅಧಿಕಾರವನ್ನು ಪ್ರಶ್ನಿಸಿದರು. ಸಾವಿತ್ರಿಬಾಯಿಯವರು ತಾವೇ ಮಡಕೆ ಹಿಡಿದು ಮುನ್ನಡೆದು ಚಿತೆಗೆ ಅಗ್ನಿಸ್ಪರ್ಶ ಮಾಡಿದರು. ಸಾವಿನ ಸಮೀಪದಿಂದ ಹೆಣ್ಣನ್ನು ದೂರವಿಟ್ಟ ಸಂಪ್ರದಾಯದ ನಡುವೆ ಇದು ಸಾಮಾನ್ಯ ಸಂಗತಿಯಲ್ಲ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಪುಣೆಗೂ ಹಬ್ಬಿತು. ರೋಗಾಣುವಿನ ಗುರುತು 1894ರಲ್ಲೇ ಸಿಕ್ಕಿದ್ದರೂ ಇಲಿಯ ಚಿಗಟದಿಂದ ಅದು ಹರಡುವುದೆಂದು ತೋರಿಸಿದ್ದು 1898ರಲ್ಲಿ. ರೋಗ ಹೇಗೆ ತಗಲುವುದೆಂದು ತಿಳಿಯದ, ಗುಣಪಡಿಸುವ ಔಷಧವೂ ಇಲ್ಲದ ಕಾಲವದು. (1898ರಲ್ಲಿ ಅದು ಬೆಂಗಳೂರಿಗೂ ಬಂದಿತು, ನಮ್ಮ ಪ್ಲೇಗಮ್ಮನ ಗುಡಿಗಳು ಆ ಭಯದ ಕುರುಹುಗಳು.) ರೋಗಿಯ ಬಳಿಗೆ ಹೋಗಲು ಸ್ವಂತ ಮನೆಯವರೂ ಹಿಂಜರಿಯುತ್ತಿದ್ದಾಗ, ಶುಶ್ರೂಷೆಯೆಂದರೆ ಮುಖ್ಯವಾಗಿ ಬಿಟ್ಟುಹೋಗದಿರುವುದೇ ಆಗಿತ್ತು.

ಅದೇ 1897ರ ಮಾರ್ಚಿನಲ್ಲಿ ಪ್ಲೇಗು ಅಧಿಕಾರಿ ರ್‍ಯಾಂಡನ ಸೈನಿಕರು ಮನೆಗಳನ್ನು ಶೋಧಿಸಿ ರೋಗಿಗಳನ್ನು ಬಲವಂತವಾಗಿ ಎಳೆದೊಯ್ಯತೊಡಗಿದರು. ಆ ದಬ್ಬಾಳಿಕೆಗೆ ಪ್ರತೀಕಾರವಾಗಿ ಚಿಂಚವಾಡದ ಚಾಪೇಕರ ಸಹೋದರರು ಜೂನ್ 22ರಂದು ಅವನ ಮೇಲೆ ಗುಂಡು ಹಾರಿಸಿದರು. ಪಿಂಪ್ರಿ-ಚಿಂಚವಾಡ ಇಂದಿಗೂ ಆ ಸಹೋದರರನ್ನು ಸ್ಮರಿಸುತ್ತದೆ. ಅದೇ ಪರಿಸರದ ಅದೇ ವಿಪತ್ತಿಗೆ ದೊರೆತ ಇನ್ನೊಂದು ಉತ್ತರವನ್ನು, ನನ್ನ ದೃಷ್ಟಿಯಲ್ಲಿ, ಇತಿಹಾಸಕಾರರು ಅಷ್ಟೇ ಗಂಭೀರವಾಗಿ ಪರಿಗಣಿಸಬೇಕಾಗಿತ್ತು.

ಸಾವಿತ್ರಿಬಾಯಿಯವರು ಮಗನನ್ನು ಕರೆಸಿ ಹಡಪಸರದ ಬಳಿಯ ಸಾಸನೆಯವರ ಹೊಲದಲ್ಲಿ ಚಿಕಿತ್ಸಾಲಯ ತೆರೆಸಿದರು. ಔಷಧೋಪಚಾರ ಮಗನದು, ರೋಗಿಗಳನ್ನು ಹುಡುಕಿ ಕರೆತರುವ ಕೆಲಸ ತಾಯಿಯದು. ಮುಂಢವೆಯ ಮಹಾರರ ಕೇರಿಯ ಬಾಲಕನೊಬ್ಬ ರೋಗಗ್ರಸ್ತನೆಂದು ತಿಳಿದಾಗ, ಅರವತ್ತಾರು ವರ್ಷದ ಅವರು ಅವನನ್ನು ಬೆನ್ನಮೇಲೆ ಹೊತ್ತು ತಂದರು. ಅಸ್ಪೃಶ್ಯತೆ ಮತ್ತು ಸೋಂಕು ಎರಡೂ ಮುಟ್ಟಬೇಡವೆನ್ನುತ್ತಿದ್ದ ದೇಹವದು. ಬಾಲಕ ಬದುಕುಳಿದನೆಂದು ಹೇಳಲಾಗುತ್ತದೆ. ಸಾವಿತ್ರಿಬಾಯಿಯವರಿಗೆ ಸೋಂಕು ತಗಲಿ, 1897ರ ಮಾರ್ಚ್ 10ರಂದು ಅವರು ನಿಧನರಾದರು.