ಪೆಸ್ಟಾಲಜಿಯ ಲೆಕ್ಕದ ಪಾಠ

ಶಿಕ್ಷಣಶಾಸ್ತ್ರದ ಗ್ರಂಥಗಳಲ್ಲಿ ಪೆಸ್ಟಾಲಜಿಯ ಹೆಸರು ಬಾರದೆ ಇರುವುದಿಲ್ಲ. ಅನಾಥರ ತಂದೆಯೆಂದು, ಪ್ರೇಮಮೂರ್ತಿಯಾದ ಗುರುವೆಂದು ಹೊಗಳಿ ಮುಂದೆ ಸಾಗುವುದು ವಾಡಿಕೆ. ನನ್ನನ್ನು ಸೆಳೆದದ್ದು ಆತನ ಲೆಕ್ಕದ ಪಾಠ. ಗಣಿತ ನನ್ನ ವಿಷಯವಲ್ಲ. ಆದರೆ ಬಾಯಿಪಾಠಕ್ಕೂ ಅರಿವಿಗೂ ಇರುವ ಜಗಳ ಪದ್ಯ ಕಲಿಸುವವನಿಗೂ ಹೊಸದಲ್ಲ.

ಜೋಹಾನ್ ಹೈನ್ರಿಕ್ ಪೆಸ್ಟಾಲಜಿ 1746ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಹುಟ್ಟಿದನು. ಐದು ವರ್ಷದವನಾಗಿದ್ದಾಗಲೇ ತಂದೆ ತೀರಿಕೊಂಡನು. ಬೆಳೆದು ಬೇಸಾಯಕ್ಕೆ ಕೈಯಿಟ್ಟು ಸೋತನು. 1774ರಲ್ಲಿ ನ್ಯೂಹೋಫ್ ಎಂಬ ತನ್ನ ಹೊಲಮನೆಗೆ ಬಡಮಕ್ಕಳನ್ನು ಕರೆತಂದು ನೂಲುವುದು, ನೇಯುವುದರೊಡನೆ ಓದನ್ನೂ ಕಲಿಸಹೊರಟು ಅದರಲ್ಲಿಯೂ ಸೋತನು. 1798ರಲ್ಲಿ ಫ್ರೆಂಚ್ ಸೈನ್ಯ ಸ್ಟಾನ್ಸ್ ಪಟ್ಟಣವನ್ನು ಹಾಳುಗೆಡವಿದ ಮೇಲೆ ಅಲ್ಲಿನ ಸುಮಾರು ಎಂಬತ್ತು ದಿಕ್ಕಿಲ್ಲದ ಮಕ್ಕಳ ಹೊರೆ ಆತನ ಹೆಗಲೇರಿತು. ಕೆಲವೇ ತಿಂಗಳುಗಳಲ್ಲಿ, 1799ರ ಜೂನಿನಲ್ಲಿ, ಆ ಕಟ್ಟಡವೂ ದಂಡಿನ ಆಸ್ಪತ್ರೆಯಾಯಿತು. ಐವತ್ತಮೂರರ ಪ್ರಾಯದಲ್ಲಿ ಆತ ಬರ್ಗ್‌ಡಾರ್ಫ್ ಊರಿಗೆ ಬಂದು, ಜೋಡು ಹೊಲಿಯುವವನೊಬ್ಬ ಉಪಾಧ್ಯಾಯನಾಗಿದ್ದ ಬಡವರ ಶಾಲೆಯಲ್ಲಿ ನಿಂತನು.

ಆಗಿನ ಹಳ್ಳಿಯ ಶಾಲೆಗಳಲ್ಲಿ ಕಲಿಯುವುದೆಂದರೆ ಒಪ್ಪಿಸುವುದು. ಧರ್ಮದ ಪ್ರಶ್ನೋತ್ತರವಾಗಲಿ ಅಂಕಿಯಾಗಲಿ, ನಾಲಗೆಯ ಮೇಲೆ ನಿಂತರೆ ಸಾಕು. ಪೆಸ್ಟಾಲಜಿ ಇದನ್ನು ತಲೆಕೆಳಗು ಮಾಡಿದನು. ಮೂರು ಎಂಬ ಹೆಸರಿಗೆ ಮುಂಚೆ ಮಗು ಮೂರು ಕಲ್ಲುಗಳನ್ನು ನೋಡಬೇಕು, ಕದಲಿಸಬೇಕು, ಎರಡರೊಡನೆ ಒಂದು ಸೇರಿದ್ದನ್ನು ತಾನೇ ಕಾಣಬೇಕು. ಸಂಖ್ಯೆ, ಆಕಾರ, ನುಡಿ ಈ ಮೂರೇ ಎಲ್ಲ ವಿದ್ಯೆಗೂ ಬುಡವೆಂಬುದು ಆತನ ನಂಬಿಕೆ. ಶಾಲೆಯ ಗೋಡೆಗೆ ಅಂಟಿಸಿದ್ದ ಹಳೆಯ ಚಿತ್ರದ ಕಾಗದ ಹರಿದು ತೂತುಬಿದ್ದಿತ್ತು. ಆ ತೂತುಗಳೆಷ್ಟು, ಯಾವ ಆಕಾರ, ಎಲ್ಲಿವೆ ಎಂದು ಗಂಟೆಗಟ್ಟಲೆ ಹೇಳಿಸುವುದೇ ಪಾಠವಾಯಿತು! ತಂದೆತಾಯಿಗಳಿಗೆ ಇದು ಹಿಡಿಸಲಿಲ್ಲ. ಹೊಸ ಪ್ರಯೋಗವನ್ನು ಬೇಕಾದರೆ ಊರಿನ ಸಿರಿವಂತರ ಮಕ್ಕಳ ಮೇಲೆ ಮಾಡಲಿ ಎಂದರು. ಅವರ ಸಿಟ್ಟು ಅನ್ಯಾಯವೆಂದು ನನಗೆ ತೋರುವುದಿಲ್ಲ.

ಅನಂತರ ಬರ್ಗ್‌ಡಾರ್ಫಿನ ಕೋಟೆಯಲ್ಲಿಯೇ ಆತನ ವಿದ್ಯಾಶಾಲೆ ನಡೆಯಿತು. ಅಲ್ಲಿ ರೂಪುಗೊಂಡದ್ದು ಏಕಮಾನದ ಪಟ. ಹತ್ತು ಸಾಲು, ಸಾಲಿಗೆ ಹತ್ತು ಮನೆ. ಮೊದಲ ಸಾಲಿನ ಮನೆಗಳಲ್ಲಿ ಒಂದೊಂದು ಗೀಟು, ಎರಡನೆಯದರಲ್ಲಿ ಎರಡೆರಡು, ಹೀಗೆ ಹತ್ತರವರೆಗೆ. ಮೂರನೆಯ ಸಾಲಿನ ನಾಲ್ಕು ಮನೆಗಳ ಮೇಲೆ ಬೆರಳಾಡಿಸಿದರೆ ಮೂರು ನಾಲ್ಕಲ ಹನ್ನೆರಡೆಂಬುದು ಕಣ್ಣಿಗೇ ಬೀಳುತ್ತದೆ, ನಂಬಬೇಕಾದುದೇನೂ ಉಳಿಯುವುದಿಲ್ಲ. ಭಿನ್ನರಾಶಿಗೆ ಹೋಳು ಮಾಡಿದ ಚೌಕಗಳ ಪಟಗಳಿದ್ದವು.

ವಿಚಿತ್ರವೆಂದರೆ, ಬಾಯಿಪಾಠದ ವೈರಿಯಾಗಿ ಹೊರಟವನ ತರಗತಿಯೇ ಬಾಯಿಪಾಠದಿಂದ ಮೊಳಗುತ್ತಿತ್ತು. ಆತ ಗಂಟಲು ಕಟ್ಟುವವರೆಗೂ ಕೂಗಿ ಹೇಳುವನು, ಮಕ್ಕಳು ಹಿಂದಿನಿಂದ ಕೂಗುವರು. ಒಂದರ ಎಷ್ಟು ಪಟ್ಟು ಎಂಬ ವಾಕ್ಯಗಳು ಪಟದ ಉದ್ದಕ್ಕೂ ಮುಗಿಯದೆ ಸಾಗುತ್ತಿದ್ದವು. ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು ಲೆಕ್ಕ ತಪ್ಪದ ಅಂಗಡಿಕಾರರು ನಮ್ಮಲ್ಲಿ ಇದ್ದುದರಿಂದ ಕಂಠಪಾಠವನ್ನು ನಾನು ಹಳಿಯಲಾರೆ. ಆದರೆ ಕಾಣುವುದಕ್ಕೆಂದು ಮಾಡಿದ ಪಟವೇ ಕೂಗುವುದಕ್ಕೆ ನೆಪವಾದರೆ ಹಳೆಯ ಶಾಲೆ ಬೇರೆ ಬಾಗಿಲಿನಿಂದ ಒಳಹೊಕ್ಕಂತೆಯೇ ಸರಿ.

1805ರಿಂದ 1825ರವರೆಗೆ ಇವೆರ್ಡನ್ ಊರಿನ ಕೋಟೆಯಲ್ಲಿ ನಡೆದ ಶಾಲೆ ಯುರೋಪಿನ ಯಾತ್ರಾಸ್ಥಳವಾಯಿತು. ಹುಡುಗರು ತೊಡಕಿನ ಭಿನ್ನರಾಶಿಗಳನ್ನು ಮನಸ್ಸಿನಲ್ಲಿಯೇ ಬಿಡಿಸುವುದನ್ನು ನೋಡಿ ಅತಿಥಿಗಳು ಬೆರಗಾಗುತ್ತಿದ್ದರು. 1809ರಲ್ಲಿ ಪರೀಕ್ಷಿಸಲು ಬಂದ ಗಿರಾರ್ ಎಂಬ ಪಾದ್ರಿ ಬೆರಗಾಗಲಿಲ್ಲ. ಇಲ್ಲಿ ಗಣಿತದ ಆಳ್ವಿಕೆ ಅತಿಯಾಯಿತೆಂದು ಆತ ಆಕ್ಷೇಪಿಸಿದನು. ಎರಡೆರಡಲ ನಾಲ್ಕೆಂಬಷ್ಟು ಸ್ಪಷ್ಟವಾಗಿ ಸಾಧಿಸಿ ತೋರಿಸದ ಯಾವುದನ್ನೂ ತನ್ನ ಮಕ್ಕಳು ತಿಳಿಯಬೇಕಾಗಿಲ್ಲವೆಂದು ಪೆಸ್ಟಾಲಜಿ ಉತ್ತರ ಕೊಟ್ಟನಂತೆ. ಹಾಗಾದರೆ ತನಗೆ ಮಕ್ಕಳಿದ್ದರೂ ಒಬ್ಬನನ್ನೂ ಇಲ್ಲಿಗೆ ಕಳುಹುತ್ತಿರಲಿಲ್ಲವೆಂದನಂತೆ ಗಿರಾರ್. ತಂದೆತಾಯಿಯ ಪ್ರೀತಿಯನ್ನು ಹಾಗೆ ಸಾಧಿಸಿ ತೋರಿಸುವುದು ಹೇಗೆ? ಈ ವಾದದಲ್ಲಿ ನಾನು ಪಾದ್ರಿಯ ಕಡೆ.

ಗಣಿತದ ಉಪಾಧ್ಯಾಯನಾದ ಷ್ಮಿಡ್‌ನಿಗೂ ಇತರರಿಗೂ ಹುಟ್ಟಿದ ಜಗಳದಲ್ಲಿ ಶಾಲೆ ಒಡೆಯಿತು. ಪತ್ನಿ ಆನ್ನಾ 1815ರಲ್ಲಿ ಗತಿಸಿದ್ದಳು. ಒಬ್ಬನೇ ಮಗ 1801ರಲ್ಲಿಯೇ ಹೋಗಿದ್ದನು. ಮುದುಕ ನ್ಯೂಹೋಫಿಗೆ ಹಿಂದಿರುಗಿ, 1827ರ ಫೆಬ್ರವರಿ 17ರಂದು ಸಮೀಪದ ಬ್ರುಗ್ ಪಟ್ಟಣದಲ್ಲಿ ಕಣ್ಣುಮುಚ್ಚಿದನು.

1814ರಲ್ಲಿ ಇವೆರ್ಡನ್ನಿಗೆ ಹದಿನೆಂಟು ವರ್ಷದ ರೈತನ ಮಗನೊಬ್ಬ ಬಂದಿದ್ದನು. ಆತ ಬರೆಯಲು ಕಲಿತದ್ದೇ ಹದಿನಾಲ್ಕರ ಸುಮಾರಿಗೆ. ಹೆಸರು ಯಾಕೋಬ್ ಸ್ಟೈನರ್. ಪ್ರಮೇಯವನ್ನು ಗುರು ಹೇಳಿಕೊಡದೆ ಶಿಷ್ಯನೇ ಹುಡುಕಿಕೊಳ್ಳಬೇಕೆಂಬ ಪದ್ಧತಿ ಆತನಿಗೆ ಒಗ್ಗಿತು. ಮುಂದೆ ಅಲ್ಲಿಯೇ ಪಾಠ ಹೇಳಿದನು. 1834ರಲ್ಲಿ ಬರ್ಲಿನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾಗಿ ಆ ಶತಮಾನದ ದೊಡ್ಡ ರೇಖಾಗಣಿತಜ್ಞರಲ್ಲಿ ಒಬ್ಬನೆನಿಸಿದನು. ಪೆಸ್ಟಾಲಜಿ ಸಾಯುವುದಕ್ಕೆ ಎರಡು ತಿಂಗಳ ಹಿಂದೆ, 1826ರ ಡಿಸೆಂಬರಿನಲ್ಲಿ, ಪ್ರಷ್ಯದ ವಿದ್ಯಾಮಂತ್ರಾಲಯಕ್ಕೆ ಬರೆದುಕೊಂಡಾಗ, ಪ್ರಮೇಯಗಳಿಗೆ ಇನ್ನೂ ಆಳವಾದ ಆಧಾರವನ್ನು ಹುಡುಕುವ ಚಟ ತನಗೆ ಹತ್ತಿದ್ದು ಇವೆರ್ಡನ್ನಿನ ಪದ್ಧತಿಯಿಂದಲೇ ಎಂದು ಸ್ಟೈನರ್ ತಿಳಿಸಿದನು.